ಯಂತ್ರ ಹೇಳಿತು ಎಂಬ ನೆಪ

ಕುಣಿಗಲ್ ತಾಲೂಕಿನ ಜನರಿಗೆ ಮಾರ್ಕೋನಹಳ್ಳಿ ಜಲಾಶಯವನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಶಿಂಷಾ ನದಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಲಾದ ಈ ಅಣೆಕಟ್ಟಿನಲ್ಲಿ, ನೀರು ನಿಗದಿತ ಮಟ್ಟವನ್ನು ಮೀರಿದಾಗ ಯಾರೂ ಗೇಟು ಎತ್ತದೆಯೇ ತಾನಾಗಿ ಹೊರಹರಿಯುವ ಸೈಫನ್ ವ್ಯವಸ್ಥೆಯಿದೆ. ಅಂದಿನ ಇಂಜಿನಿಯರುಗಳ ಕೌಶಲವನ್ನು ನಾವು ಇಂದಿಗೂ ಮೆಚ್ಚುತ್ತೇವೆ. ಆದರೆ 2025ರ ಅಕ್ಟೋಬರ್‌ನಲ್ಲಿ ವಿಹಾರಕ್ಕೆಂದು ಅಲ್ಲಿಗೆ ಹೋಗಿದ್ದ ಒಂದೇ ಕುಟುಂಬದ ಹಲವರು ಹಠಾತ್ತನೆ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದ ದುರಂತವನ್ನೂ ನಾವು ಮರೆತಿಲ್ಲ. ಅಲ್ಲಾಹನು ಅಗಲಿದವರ ಮೇಲೆ ಕರುಣೆ ತೋರಲಿ, ಉಳಿದವರಿಗೆ ಸಹನೆಯನ್ನು ಕರುಣಿಸಲಿ.

ಸೈಫನ್ ತನಗೆ ವಹಿಸಿದ ಕೆಲಸವನ್ನಷ್ಟೇ ಮಾಡಿತ್ತು. ಕೆಳಗೆ ಮಕ್ಕಳಿದ್ದಾರೆ, ಮಹಿಳೆಯರಿದ್ದಾರೆ ಎಂಬುದು ಅದಕ್ಕೆ ತಿಳಿದಿರಲಿಲ್ಲ. ತಿಳಿಯುವುದು ಸಾಧ್ಯವೂ ಇರಲಿಲ್ಲ. ತಾನಾಗಿ ನಡೆಯುವ ಯಂತ್ರದ ಸ್ವಭಾವವೇ ಅಂಥದು. ಅದರ ಕೆಳಗೆ ಯಾರು ನಿಂತಿದ್ದಾರೆಂದು ನೋಡುವ ಹೊಣೆ ಮನುಷ್ಯನದು.

ಈ ಮಾತನ್ನು ಇಂದು ನಾವು ನೆನಪಿಸುತ್ತಿರುವುದಕ್ಕೆ ಕಾರಣವಿದೆ. ತಾನಾಗಿ ನಡೆಯುವ ಇನ್ನೊಂದು ಯಂತ್ರ ಸದ್ದಿಲ್ಲದೆ ನಮ್ಮ ಅಂಗಡಿಗಳ ಗಲ್ಲಾಪೆಟ್ಟಿಗೆಯವರೆಗೆ ಬಂದು ಕೂತಿದೆ. ಕೃತಕ ಬುದ್ಧಿಮತ್ತೆ ಅಥವಾ ಎಐ ಎಂದು ಅದನ್ನು ಕರೆಯುತ್ತಾರೆ. ಬೆಂಗಳೂರಿನ ಐಟಿ ಕಂಪೆನಿಗಳ ವಿಷಯ ಹಾಗಿರಲಿ, ಅಮೃತೂರಿನಂಥ ಹೋಬಳಿ ಕೇಂದ್ರದಲ್ಲಿಯೂ ಅದನ್ನು ಬಳಸಲು ಬೇಕಾಗಿರುವುದು ಒಂದು ಮೊಬೈಲ್ ಮಾತ್ರ. ಬಟ್ಟೆ ಅಂಗಡಿಯ ಜಾಹೀರಾತು, ಕೊಬ್ಬರಿ ವ್ಯಾಪಾರದ ಪತ್ರ, ಬಾಡಿಗೆಯ ಕರಾರು, ಜಿಎಸ್‌ಟಿ ನೋಟೀಸಿಗೆ ಉತ್ತರ, ಶಾಲೆಯ ಸುತ್ತೋಲೆ, ರಮಝಾನಿನ ಶುಭಾಶಯದ ಫ್ಲೆಕ್ಸ್ ಹೀಗೆ ಏನನ್ನು ಕೇಳಿದರೂ ಅದು ಅರೆಕ್ಷಣದಲ್ಲಿ ಬರೆದುಕೊಡುತ್ತದೆ, ಬಿಡಿಸಿಕೊಡುತ್ತದೆ, ಮಾತಾಡಿಯೂ ತೋರಿಸುತ್ತದೆ. ಅದೂ ಬಹುತೇಕ ಉಚಿತವಾಗಿ! ಉಚಿತವಾಗಿ ಸಿಗುವ ವಸ್ತುವಿನ ಬೆಲೆಯನ್ನು ಯಾರು, ಎಲ್ಲಿ, ಯಾವಾಗ ತೆರಬೇಕಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಿಲ್ಲ.

ಮೊದಲು ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಅರಿಯಬೇಕು. ಅದು ಕೋಟ್ಯಂತರ ಪುಟಗಳ ಬರಹವನ್ನು ಅರಗಿಸಿಕೊಂಡಿದೆ. ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕಾಚಾರದ ಮೇಲೆ ಅದು ವಾಕ್ಯಗಳನ್ನು ಹೆಣೆಯುತ್ತದೆ. ಹೆಣೆದ ವಾಕ್ಯ ಸತ್ಯವೋ ಸುಳ್ಳೋ ಎಂಬ ಅರಿವು ಅದಕ್ಕಿಲ್ಲ. ತಿಳಿಯದ ವಿಷಯವನ್ನು ತಿಳಿದವನ ಧಾಟಿಯಲ್ಲೇ ಹೇಳುವುದು ಅದರ ಅತಿದೊಡ್ಡ ಅಪಾಯ. ನಮ್ಮ ಪೇಟೆಯ ವರ್ತಕನು ಒಬ್ಬ ಹೊಸ ಗುಮಾಸ್ತನನ್ನು ನೇಮಿಸುವಾಗ ಅವನ ಊರು, ಮನೆತನ, ಪ್ರಾಮಾಣಿಕತೆಗಳನ್ನೆಲ್ಲ ವಿಚಾರಿಸುತ್ತಾನೆ. ಈ ಗುಮಾಸ್ತನನ್ನು ಮಾತ್ರ ಯಾವ ವಿಚಾರಣೆಯೂ ಇಲ್ಲದೆ ನೇಮಿಸಿಕೊಂಡಿದ್ದಾನೆ.

ಇದರ ಫಲ ಏನಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದ ರಾಜಧಾನಿಯಲ್ಲೇ ಉದಾಹರಣೆಯಿದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರ್ ಕೊನೆಯಲ್ಲಿ ಒಂದು ಟ್ರಸ್ಟಿನ ತೆರಿಗೆ ವ್ಯಾಜ್ಯದಲ್ಲಿ ಆದೇಶ ನೀಡಿತು. ಅದರಲ್ಲಿ ಸುಪ್ರೀಂ ಕೋರ್ಟು ಮತ್ತು ಮದ್ರಾಸ್ ಹೈಕೋರ್ಟಿನ ತೀರ್ಪುಗಳನ್ನು ಆಧಾರವಾಗಿ ಉಲ್ಲೇಖಿಸಲಾಗಿತ್ತು. ಹುಡುಕಿ ನೋಡಿದರೆ ಅವು ಸಿಗಲಿಲ್ಲ. ಸಿಕ್ಕವು ಬೇರೆಯೇ ವಿಷಯಕ್ಕೆ ಸಂಬಂಧಿಸಿದವಾಗಿದ್ದವು. ಕೃತಕ ಬುದ್ಧಿಮತ್ತೆಯ ಸಾಧನದಿಂದ ಅವು ನುಸುಳಿರಬಹುದೆಂದು ಪತ್ರಿಕೆಗಳು ಬರೆದವು. ಕೆಲವೇ ದಿನಗಳಲ್ಲಿ ನ್ಯಾಯಮಂಡಳಿಯು ತನ್ನ ಆದೇಶವನ್ನು ತಾನೇ ಹಿಂದೆಗೆದುಕೊಳ್ಳಬೇಕಾಯಿತು. ಇದಾದ ಮೂರು ತಿಂಗಳೊಳಗೆ, 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿಯೂ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿರುವುದನ್ನು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಗಮನಿಸಿದರು. ಅದು ಅತ್ಯಂತ ಕಳವಳಕಾರಿ ಸಂಗತಿ ಎಂದು ಹೇಳಿ, ಮುಂದಿನ ಕ್ರಮಕ್ಕಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಯವರ ಮುಂದಿಡುವಂತೆ ಸೂಚಿಸಿದರು. ಅಮೆರಿಕದ ನ್ಯೂಯಾರ್ಕಿನಲ್ಲಿ 2023ರಲ್ಲೇ ಚಾಟ್‌ಜಿಪಿಟಿ ಸೃಷ್ಟಿಸಿಕೊಟ್ಟ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿತ್ತು.

ಕಾನೂನನ್ನು ಅರೆದು ಕುಡಿದವರ ಅಂಗಳದಲ್ಲೇ ಇಂಥ ಪ್ರಮಾದಗಳು ನಡೆಯುವುದಾದರೆ, ನೋಟೀಸು ಕಂಡೊಡನೆ ಕೈನಡುಗುವ ಸಾಮಾನ್ಯ ವರ್ತಕನ ಪಾಡೇನು? ಅವನು ತೆರಿಗೆ ಇಲಾಖೆಗೆ ಕಳುಹಿಸಿದ ಉತ್ತರದಲ್ಲಿ ಇಲ್ಲದ ಕಲಮು, ಇಲ್ಲದ ಸುತ್ತೋಲೆ ಸೇರಿಕೊಂಡಿದ್ದರೆ ಸಹಿ ಯಾರದು? ಯಂತ್ರಕ್ಕೆ ಸಹಿಯಿಲ್ಲ, ಪ್ಯಾನ್ ಕಾರ್ಡಿಲ್ಲ, ಜೈಲೂ ಇಲ್ಲ.

"ನಾನಲ್ಲ, ಯಂತ್ರ ಹೇಳಿತು" ಎಂಬ ವಾದವನ್ನು ಒಂದು ದೊಡ್ಡ ಕಂಪೆನಿಯೇ ಮಂಡಿಸಿ ನೋಡಿದೆ. ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರು ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದಲ್ಲಿದ್ದ ಚಾಟ್‌ಬಾಟ್‌ನೊಂದಿಗೆ ವಿಚಾರಿಸಿದಾಗ, ಮರಣದ ಸಂದರ್ಭದ ರಿಯಾಯಿತಿಯನ್ನು ಪ್ರಯಾಣದ ನಂತರವೂ ಪಡೆಯಬಹುದೆಂದು ಅದು ತಿಳಿಸಿತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ಹಣ ಮರಳಿಸಲು ನಿರಾಕರಿಸಿದ ಸಂಸ್ಥೆಯು, ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆಯೆಂಬ ವಿಚಿತ್ರ ವಾದವನ್ನು ಮುಂದಿಟ್ಟಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯು 2024ರ ಫೆಬ್ರವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಜಾಲತಾಣದಲ್ಲಿರುವ ಪ್ರತಿಯೊಂದು ಮಾಹಿತಿಗೂ ಅದರ ಒಡೆಯನೇ ಹೊಣೆ ಎಂಬುದು ಆ ತೀರ್ಪಿನ ಸಾರ.

ಈ ತೀರ್ಪನ್ನು ಓದುವಾಗ ನಮಗೆ ನೆನಪಾಗುವುದು ಮದೀನಾದ ಮಾರುಕಟ್ಟೆ. ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಮೇಲ್ಭಾಗ ಒಣಗಿತ್ತು, ಒಳಗೆ ಬೆರಳಿಗೆ ತೇವ ತಾಗಿತು. ಇದೇನೆಂದು ವ್ಯಾಪಾರಿಯನ್ನು ವಿಚಾರಿಸಿದರು. ಮಳೆಯಿಂದ ಒದ್ದೆಯಾಯಿತೆಂದು ಆತ ಸಬೂಬು ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿ(ಸ)ರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಮಳೆ ಸುರಿಸಿದ್ದು ವ್ಯಾಪಾರಿಯಲ್ಲ ಎಂಬುದು ನಿಜ. ಆದರೆ ಒದ್ದೆ ಧಾನ್ಯವನ್ನು ಒಣ ಧಾನ್ಯದ ಕೆಳಗೆ ಮುಚ್ಚಿಟ್ಟವನು ಆತನೇ. ಮಳೆಯ ನೆಪ ಅಂದು ನಡೆಯಲಿಲ್ಲ. ಕಂಪ್ಯೂಟರಿನ ನೆಪ ಇಂದು ನಡೆಯದು. ಲೋಕದ ನ್ಯಾಯಾಲಯದಲ್ಲಿಯೂ ನಡೆಯದು, ಪರಲೋಕದ ನ್ಯಾಯಾಲಯದಲ್ಲಂತೂ ನಡೆಯುವುದೇ ಇಲ್ಲ.

ಇನ್ನು ಕಾನೂನಿನ ಅಪಾಯಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗಿರಾಕಿಯ ಗುಟ್ಟು. ಗಿರಾಕಿ ನಮ್ಮ ಬಳಿ ಬಿಟ್ಟುಹೋಗುವುದು ಹಣವನ್ನು ಮಾತ್ರವಲ್ಲ. ಉಮ್ರಾ ಯಾತ್ರೆಯ ಏಜೆಂಟನ ಬಳಿ ಹತ್ತಾರು ಕುಟುಂಬಗಳ ಪಾಸ್‌ಪೋರ್ಟ್ ಪ್ರತಿಗಳಿರುತ್ತವೆ. ಕ್ಲಿನಿಕ್ಕಿನಲ್ಲಿ ರೋಗಿಯ ವರದಿ, ಮದುವೆ ಸಂಬಂಧ ಕೂಡಿಸುವವರ ಬಳಿ ಹೆಣ್ಣುಮಕ್ಕಳ ಭಾವಚಿತ್ರ, ಝೆರಾಕ್ಸ್ ಅಂಗಡಿಯಲ್ಲಿ ಇಡೀ ಊರಿನ ಆಧಾರ್ ಕಾರ್ಡುಗಳು ಇರುತ್ತವೆ. ಪಟ್ಟಿ ಮಾಡಿಕೊಡಲೆಂದೋ ಅನುವಾದಿಸಿ ಕೊಡಲೆಂದೋ ಇವನ್ನೆಲ್ಲ ಎಐ ಸಾಧನಕ್ಕೆ ಏರಿಸಿದರೆ ಅವು ಸಮುದ್ರದಾಚೆಯ ಯಾವುದೋ ಕಂಪೆನಿಯ ಕಂಪ್ಯೂಟರನ್ನು ಸೇರುತ್ತವೆ. 2023ರಲ್ಲಿ ಸ್ಯಾಮ್‌ಸಂಗ್ ಕಂಪೆನಿಯ ಇಂಜಿನಿಯರುಗಳು ತಮ್ಮ ಸಂಸ್ಥೆಯ ಗೋಪ್ಯ ತಂತ್ರಾಂಶವನ್ನೇ ಹೀಗೆ ಚಾಟ್‌ಜಿಪಿಟಿಗೆ ಕೊಟ್ಟುಬಿಟ್ಟಿದ್ದರು. ಬಳಿಕ ಆ ಕಂಪೆನಿಯು ಇಂಥ ಸಾಧನಗಳ ಬಳಕೆಗೆ ನಿರ್ಬಂಧ ಹೇರಿತು.

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಾವು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ವ್ಯವಹಾರ ನಡೆಸುವವರ ಮುಖ್ಯ ಹೊಣೆಗಾರಿಕೆಗಳು ಆ ನಿಯಮಗಳು ಪ್ರಕಟವಾದ 18 ತಿಂಗಳ ಬಳಿಕ ಜಾರಿಗೆ ಬರುವಂತೆ ವ್ಯವಸ್ಥೆ ಮಾಡಲಾಗಿದೆ. ಮಾಹಿತಿಯನ್ನು ಸುರಕ್ಷಿತವಾಗಿಡಲು ತಪ್ಪಿದವರಿಗೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ! ಹೋಬಳಿಯ ಅಂಗಡಿಗೆ ಅಷ್ಟು ದಂಡ ಬೀಳಲಾರದು ನಿಜ. ಆದರೆ ಕಾಯಿದೆ ಅಂಗಡಿಯ ಗಾತ್ರ ಚಿಕ್ಕದೆಂದು ಹೊಣೆಯಿಂದ ಬಿಟ್ಟುಬಿಡುವುದಿಲ್ಲ. ನಮಗಾದರೋ ಈ ಕಾಯಿದೆಗೂ ಮೊದಲೇ ಅಮಾನತ್ ಎಂಬ ಪದವಿದೆ. ಒಬ್ಬನು ನಂಬಿ ಕೊಟ್ಟದ್ದನ್ನು ಅವನ ಅನುಮತಿಯಿಲ್ಲದೆ ಮೂರನೆಯವನ ಕೈಗೆ ದಾಟಿಸುವುದು ಅಮಾನತ್‌ನಲ್ಲಿ ಮಾಡಿದ ಖಿಯಾನತ್.

ಎರಡನೆಯದು ಪರರ ಸೊತ್ತು. ನಗುತ್ತಿರುವ ಸಿನಿಮಾ ತಾರೆಯೊಬ್ಬರು ನಮ್ಮ ಅಂಗಡಿಯ ಸೀರೆ ತೊಟ್ಟಂತೆ ಚಿತ್ರ ಮಾಡಿಕೊಳ್ಳುವುದು ಇಂದು ಐದು ನಿಮಿಷದ ಕೆಲಸ. ಆದರೆ ಮುಖವೂ ಧ್ವನಿಯೂ ಆ ವ್ಯಕ್ತಿಯ ಸೊತ್ತು. ನಟ ಅನಿಲ್ ಕಪೂರ್ ಅವರ ಹೆಸರು, ಚಹರೆ, ಧ್ವನಿಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ದೆಹಲಿ ಹೈಕೋರ್ಟು 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಎಐ ಮೂಲಕ ಮಾಡುವ ಬಳಕೆಯೂ ಅದರೊಳಗೆ ಬರುತ್ತದೆ. ಬರಹ, ಚಿತ್ರ, ಸಂಗೀತಗಳ ವಿಷಯವೂ ಇದೇ. ತನ್ನ ಸುದ್ದಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆಯೆಂದು ಎಎನ್‌ಐ ಸುದ್ದಿಸಂಸ್ಥೆಯು 2024ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿಯ ಒಡೆಯರಾದ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ಮೊಕದ್ದಮೆ ಹೂಡಿತು. ಅಮೆರಿಕದಲ್ಲಿ ಆಂಥ್ರೋಪಿಕ್ ಎಂಬ ಎಐ ಕಂಪೆನಿಯು ಲೇಖಕರು ಹೂಡಿದ್ದ ಮೊಕದ್ದಮೆಯಲ್ಲಿ 2025ರಲ್ಲಿ 150 ಕೋಟಿ ಡಾಲರ್ ನೀಡಿ ರಾಜಿಯಾಗಲು ಒಪ್ಪಿಕೊಂಡಿತು. ಕಂಪೆನಿಗಳಿಗೆ ರಾಜಿ ಮಾಡಿಕೊಳ್ಳುವಷ್ಟು ಹಣವಿದೆ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆಯ 63ನೇ ಕಲಮಾದರೋ ತಿಳಿದೂ ಉಲ್ಲಂಘಿಸಿದವನಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸುತ್ತದೆ.

ಮೂರನೆಯದು ಸುಳ್ಳು ಜಾಹೀರಾತು. ಮನೆಯಲ್ಲೇ ಬಿರಿಯಾನಿ ಮಸಾಲೆ, ತಲೆಗೂದಲ ಎಣ್ಣೆ, ಮೆಹಂದಿ ತಯಾರಿಸಿ ಮಾರುವ ನಮ್ಮ ಸಹೋದರಿಯರ ಪರಿಶ್ರಮವನ್ನು ನಾವು ಗೌರವಿಸುತ್ತೇವೆ. ಆದರೆ ಎಣ್ಣೆ ಹಚ್ಚುವ ಮೊದಲಿನ ಬೋಳುತಲೆ ಮತ್ತು ಹಚ್ಚಿದ ನಂತರದ ದಟ್ಟಗೂದಲು ಎರಡನ್ನೂ ಯಂತ್ರವೇ ಬಿಡಿಸಿಕೊಟ್ಟಿದ್ದರೆ, ಮೆಚ್ಚುಗೆಯ ಮಾತುಗಳನ್ನು ಇಲ್ಲದ ಗಿರಾಕಿಗಳ ಹೆಸರಿನಲ್ಲಿ ಯಂತ್ರವೇ ಬರೆದಿದ್ದರೆ, ಅದು ವಂಚನೆಯಲ್ಲದೆ ಮತ್ತೇನು? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. 2026ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಐಟಿ ನಿಯಮಗಳು, ಯಂತ್ರದಿಂದ ರಚಿಸಿದ ನೈಜವೆಂದು ತೋರುವ ದೃಶ್ಯ ಹಾಗೂ ಧ್ವನಿಗಳಿಗೆ ಎದ್ದುಕಾಣುವ ಗುರುತು ಇರಬೇಕೆಂದು ವಿಧಿಸಿವೆ. ಒದ್ದೆ ಧಾನ್ಯವನ್ನು ಮೇಲೆ ಇಡಿ ಎಂಬ ಮಾತನ್ನು ಸರಕಾರ ಈಗ ತನ್ನ ಭಾಷೆಯಲ್ಲಿ ಹೇಳುತ್ತಿದೆ ಅಷ್ಟೇ.

ನಾಲ್ಕನೆಯದು ಕರಾರು ಪತ್ರ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ನಮಾಝಿನ ಬಗ್ಗೆಯೋ ಉಪವಾಸದ ಬಗ್ಗೆಯೋ ಇಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಋಣ ಹೊತ್ತವನು ದೇವಭಯದಿಂದ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು ಎಂದು ಅದು ಕಲಿಸುತ್ತದೆ. ಇಂದು ಬರೆಯುವವನ ಸ್ಥಾನದಲ್ಲಿ ದೇವಭಯವೂ ಕಾನೂನಿನ ಭಯವೂ ಇಲ್ಲದ ಯಂತ್ರ ಕುಳಿತಿದೆ. ನಮ್ಮಲ್ಲಿ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕು. ಯಾವುದೋ ದೇಶದ ನಮೂನೆಯನ್ನು ಕನ್ನಡಕ್ಕೆ ಇಳಿಸಿಕೊಟ್ಟ ಯಂತ್ರಕ್ಕೆ ಕುಣಿಗಲ್ಲಿನ ಉಪನೋಂದಣಾಧಿಕಾರಿ ಕಚೇರಿಯ ಚಿಂತೆಯೇಕೆ? ಸಹೋದರರ ನಡುವಿನ ಪಾಲುದಾರಿಕೆ ಪತ್ರ ಅಂಥ ನಮೂನೆಯ ಮೇಲೆ ನಿಂತರೆ, ನಾಳೆ ವ್ಯಾಜ್ಯ ಎದ್ದಾಗ ಮುರಿಯುವುದು ಕಾಗದವೊಂದೇ ಅಲ್ಲ, ಮನೆತನ.

ಐದನೆಯ ಅಪಾಯದಲ್ಲಿ ವರ್ತಕನೇ ಬಲಿಪಶು. 2024ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅರೂಪ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ನೌಕರರೊಬ್ಬರು ವೀಡಿಯೊ ಸಭೆಯಲ್ಲಿ ತಮ್ಮ ಮೇಲಧಿಕಾರಿಯನ್ನೂ ಸಹೋದ್ಯೋಗಿಗಳನ್ನೂ ಕಂಡು, ಅವರ ಮಾತಿನಂತೆ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್‌ಗಳನ್ನು ವರ್ಗಾಯಿಸಿದರು. ಆ ಸಭೆಯಲ್ಲಿ ಅವರೊಬ್ಬರನ್ನು ಬಿಟ್ಟು ಉಳಿದ ಮುಖಗಳೆಲ್ಲ ಕೃತಕವಾಗಿದ್ದವು! ಹಾಂಗ್‌ಕಾಂಗ್ ದೂರವೆನಿಸಿದರೆ ಬೆಂಗಳೂರನ್ನೇ ನೋಡಿ. ಇನ್ಫೋಸಿಸ್ ಸಂಸ್ಥಾಪಕ ನಾರಾಯಣ ಮೂರ್ತಿಯವರು ತಮ್ಮ ಹೆಸರಿನ ನಕಲಿ ವೀಡಿಯೊಗಳನ್ನು ನಂಬಬೇಡಿರೆಂದು 2023ರಲ್ಲೇ ಬಹಿರಂಗವಾಗಿ ಎಚ್ಚರಿಸಿದ್ದರು. ಆದರೂ 2024ರಲ್ಲಿ ಬೆಂಗಳೂರಿನ ನಿವಾಸಿಗಳು ಅಂಥ ವೀಡಿಯೊ ನಂಬಿ ಹೂಡಿಕೆಯ ಹೆಸರಿನಲ್ಲಿ ಲಕ್ಷಾಂತರ ರೂಪಾಯಿ ಕಳೆದುಕೊಂಡರು. ಗಲ್ಫ್‌ನಲ್ಲಿರುವ ಮಗನ ಧ್ವನಿಯಲ್ಲಿಯೇ ತುರ್ತಾಗಿ ಹಣ ಬೇಕೆಂದು ಕರೆ ಬಂದರೆ ಯಾವ ತಾಯಿ ಸಂಶಯಿಸಿಯಾಳು? ಬಂದ ಸುದ್ದಿಯನ್ನು ಪರಿಶೀಲಿಸಿದ ಬಳಿಕವೇ ನಂಬಿರೆಂಬ ಸೂರಃ ಅಲ್ ಹುಜುರಾತ್‌ನ ಆದೇಶವು ಇಂದಿನಷ್ಟು ಅಗತ್ಯವೆನಿಸಿದ ಕಾಲ ಬೇರೊಂದಿಲ್ಲ.

ಇವೆಲ್ಲ ಕಾನೂನಿನ ಮಾತಾಯಿತು. ಕಾನೂನಿನ ಪುಸ್ತಕದಲ್ಲಿ ಸಿಗದ ಸಾಮಾಜಿಕ ನಷ್ಟ ಇನ್ನೂ ದೊಡ್ಡದು.

ನಮ್ಮ ಊರುಗಳ ಎಷ್ಟೋ ಮಕ್ಕಳು ಡಿಗ್ರಿ ಮುಗಿಸಿ ಬೆಂಗಳೂರಿನ ಕಾಲ್‌ಸೆಂಟರು, ಡಾಟಾ ಎಂಟ್ರಿ, ಡಿಟಿಪಿ, ಲೆಕ್ಕಪತ್ರದ ಕೆಲಸಗಳನ್ನೇ ನಂಬಿದ್ದಾರೆ. ಸರಕಾರಿ ಉದ್ಯೋಗದ ಬಾಗಿಲು ಕಿರಿದಾಗಿರುವ ಸಮುದಾಯಕ್ಕೆ ಇದೊಂದು ಆಸರೆಯಾಗಿತ್ತು. ಯಂತ್ರವು ಮೊದಲು ಕೈ ಹಾಕುತ್ತಿರುವುದು ಇದೇ ಕೆಲಸಗಳಿಗೆ. ಬೆಂಗಳೂರಿನ ದುಕಾನ್ ಎಂಬ ಸಂಸ್ಥೆಯ ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗದ ಶೇ. 90ರಷ್ಟು ನೌಕರರನ್ನು ತೆಗೆದು ಚಾಟ್‌ಬಾಟ್ ಇಟ್ಟಿರುವುದಾಗಿ 2023ರ ಜುಲೈಯಲ್ಲಿ ತಾವೇ ಪ್ರಕಟಿಸಿದ್ದರು. ಸ್ವೀಡನ್ನಿನ ಕ್ಲಾರ್ನಾ ಕಂಪೆನಿಯು 700 ಜನರ ಕೆಲಸವನ್ನು ಯಂತ್ರ ಮಾಡುತ್ತಿದೆಯೆಂದು 2024ರಲ್ಲಿ ಬೀಗಿತು. 2025ರಲ್ಲಿ ಗ್ರಾಹಕರಿಗೆ ಮನುಷ್ಯರೇ ಬೇಕೆಂದು ಮತ್ತೆ ಜನರನ್ನು ನೇಮಿಸಲು ಮುಂದಾಯಿತು. ಅಂಗಡಿಯ ಹುಡುಗನನ್ನು ತೆಗೆಯುವ ಮೊದಲು ನಮ್ಮ ವರ್ತಕರು ಇದನ್ನು ನೆನಪಿಡಬೇಕು. ಅವನ ಸಂಬಳದಲ್ಲಿ ಒಂದು ಮನೆಯ ಒಲೆ ಉರಿಯುತ್ತಿದೆ.

ಯಂತ್ರದೊಳಗಿನ ಪೂರ್ವಗ್ರಹ ಇನ್ನೊಂದು ಸಮಸ್ಯೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಬ್ಬರು ಮುಸ್ಲಿಮರು ಒಂದೆಡೆಗೆ ಪ್ರವೇಶಿಸಿದರು ಎಂಬರ್ಥದ ಅಪೂರ್ಣ ವಾಕ್ಯವನ್ನು ಅಂದಿನ ಜಿಪಿಟಿ-3 ಎಂಬ ಯಂತ್ರಕ್ಕೆ ನೀಡಿ ಪೂರ್ಣಗೊಳಿಸಲು ಹೇಳಿದರು. 100 ಬಾರಿಯಲ್ಲಿ 66 ಬಾರಿ ಅದು ಆ ವಾಕ್ಯವನ್ನು ಹಿಂಸೆಯೊಂದಿಗೆ ಜೋಡಿಸಿತು. ಮುಸ್ಲಿಮರ ಜಾಗದಲ್ಲಿ ಬೇರೆ ಧರ್ಮದವರ ಹೆಸರಿಟ್ಟಾಗ ಹಿಂಸೆ ಬಹಳಷ್ಟು ಕಡಿಮೆಯಾಯಿತು. ಯಂತ್ರ ಇದನ್ನು ಆಕಾಶದಿಂದ ತಂದಿಲ್ಲ. ದಶಕಗಳ ಕಾಲ ಮಾಧ್ಯಮಗಳು ಬಿತ್ತಿದ್ದನ್ನೇ ಅದು ಬೆಳೆದುಕೊಟ್ಟಿದೆ. ಆನಂತರ ಯಂತ್ರಗಳನ್ನು ತಿದ್ದುವ ಯತ್ನಗಳು ನಡೆದಿವೆ. ಆದರೂ ನಾಳೆ ಉದ್ಯೋಗದ ಅರ್ಜಿಯನ್ನೋ ಬ್ಯಾಂಕಿನ ಸಾಲದ ಅರ್ಜಿಯನ್ನೋ ಇಂಥ ಯಂತ್ರವೇ ಸೋಸಲು ಕುಳಿತಾಗ, ಒಂದು ಹೆಸರು, ಒಂದು ಮೊಹಲ್ಲಾದ ವಿಳಾಸ ಸದ್ದಿಲ್ಲದೆ ಬದಿಗೆ ಸರಿದರೆ ಕೇಳುವವರಾರು? ಮಹಿಳೆಯರ ಅರ್ಜಿಗಳನ್ನು ಕೆಳಕ್ಕೆ ತಳ್ಳುತ್ತಿದ್ದ ತನ್ನ ನೇಮಕಾತಿ ಯಂತ್ರವನ್ನು ಅಮೆಝಾನ್ ಕಂಪೆನಿ ಕೈಬಿಡಬೇಕಾಗಿ ಬಂದುದು 2018ರಲ್ಲೇ ಜಗಜ್ಜಾಹೀರಾಗಿತ್ತು. ಮುಖನೋಡಿ ತಿರಸ್ಕರಿಸಿದವನೊಡನೆ ಜಗಳವಾಡಬಹುದು. ಯಂತ್ರದೊಡನೆ ಹೇಗೆ ಜಗಳವಾಡುವುದು?

ದ್ವೇಷದ ಉದ್ದಿಮೆಗೂ ಈ ಯಂತ್ರ ವರದಾನವಾಗಿದೆ. ಅಸ್ಸಾಮಿನ ಬಿಜೆಪಿ ಘಟಕವು 2025ರ ಸೆಪ್ಟೆಂಬರ್‌ನಲ್ಲಿ, ತಾನಿಲ್ಲದಿದ್ದರೆ ರಾಜ್ಯ ಮುಸ್ಲಿಮರ ಪಾಲಾಗುತ್ತದೆಂದು ಬಿಂಬಿಸುವ ಎಐ ವೀಡಿಯೊವನ್ನು ಹರಿಯಬಿಟ್ಟು, ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಮಹಿಳೆಯ ದೇಹಕ್ಕೆ ಅಂಟಿಸಿದ ವೀಡಿಯೊ 2023ರ ನವೆಂಬರ್‌ನಲ್ಲಿ ಹರಿದಾಡಿದಾಗ ದೇಶ ಬೆಚ್ಚಿತು. ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನಿಟ್ಟು ಹರಾಜು ಕೂಗುವ ನಾಟಕವಾಡಿದ 2021 ಮತ್ತು 2022ರ ಆ್ಯಪ್‌ಗಳಿಗೆ ಎಐ ಬೇಕಾಗಿರಲಿಲ್ಲ. ಎರಡನೆಯ ಪ್ರಕರಣದಲ್ಲಿ ಬೆಂಗಳೂರಿನ ವಿದ್ಯಾರ್ಥಿಯೊಬ್ಬನೂ ಬಂಧಿತನಾಗಿದ್ದ. ಅದೇ ಮನಸ್ಸುಗಳ ಕೈಗೆ ಇಂದು ಈ ಯಂತ್ರ ಸಿಕ್ಕಿದೆ. ಹೀಗಿರುವಾಗ ಶಾಲೆಯ ಪ್ರಚಾರಕ್ಕೆಂದೋ ಬೊಟಿಕ್ಕಿನ ಜಾಹೀರಾತಿಗೆಂದೋ ನಮ್ಮ ಹೆಣ್ಣುಮಕ್ಕಳ ಚಿತ್ರಗಳನ್ನು ಮನಬಂದಂತೆ ಜಾಲತಾಣಕ್ಕೇರಿಸುವವರು ಹತ್ತು ಬಾರಿ ಯೋಚಿಸಬೇಡವೇ?

ಇಲ್ಲಿ ಇತರರನ್ನು ಮಾತ್ರ ದೂರಿ ಕೈತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯಂತ್ರ ಹೆಣೆದ ವಾಕ್ಯಗಳು ಹದೀಸ್ ಎಂಬ ಹೆಸರಿನಲ್ಲಿ ಹರಿದಾಡತೊಡಗಿದರೆ ತಡೆಯುವವರಾರು? ಪ್ರಸಿದ್ಧ ವಿದ್ವಾಂಸರ ಧ್ವನಿಯನ್ನು ನಕಲಿಸಿ ಅತ್ತರನ್ನೋ ಔಷಧವನ್ನೋ ಮಾರುವವನು ನಮ್ಮವನೇ ಆಗಿದ್ದರೆ ಅವನ ಅಂಗಡಿಯನ್ನು ನಾವು ಬಹಿಷ್ಕರಿಸುತ್ತೇವೆಯೇ? ಅಥವಾ ಜಾಣ ವ್ಯಾಪಾರಿ ಎಂದು ಬೆನ್ನು ತಟ್ಟುತ್ತೇವೆಯೇ?

ಸರಕಾರವನ್ನೂ ಕಂಪೆನಿಗಳನ್ನೂ ಪ್ರಶ್ನಿಸಲೇಬೇಕು. ಉತ್ತರಗಳಲ್ಲಿ ತಪ್ಪಿರಬಹುದು, ಪರಿಶೀಲಿಸಿಕೊಳ್ಳಿ ಎಂದು ಸಣ್ಣ ಅಕ್ಷರಗಳಲ್ಲಿ ಬರೆದು ಕಂಪೆನಿಗಳು ಹೊಣೆಯನ್ನು ಬಳಕೆದಾರನ ತಲೆಗೆ ಕಟ್ಟುತ್ತವೆ. ಲಾಭವೆಲ್ಲ ಅವರಿಗೆ, ಹೊಣೆಯೆಲ್ಲ ಅಮೃತೂರಿನ ಅಂಗಡಿಯವನಿಗೆ! ಕೇಂದ್ರ ಸರಕಾರವು 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಐ ಮಾರ್ಗಸೂಚಿಗಳು, ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ, ಇರುವ ಕಾನೂನುಗಳೇ ಸಾಕು ಎಂಬ ನಿಲುವನ್ನು ತಳೆದವು. ಇರುವ ಕಾನೂನುಗಳು ಚಿಕ್ಕವರನ್ನು ಹಿಡಿಯುವಷ್ಟು ಸುಲಭವಾಗಿ ದೊಡ್ಡವರನ್ನು ಹಿಡಿಯುವುದಿಲ್ಲ ಎಂಬುದು ನಮ್ಮೆಲ್ಲರ ಅನುಭವ. ವರ್ತಕರಿಗೆ ಕನ್ನಡದಲ್ಲಿ ತಿಳಿವಳಿಕೆ ನೀಡುವ ಕೆಲಸವನ್ನಾದರೂ ತಾಲೂಕು ಮಟ್ಟದಲ್ಲಿ ಸರಕಾರ ಮಾಡಬೇಕು.

ಹಾಗಾದರೆ ಈ ಯಂತ್ರವನ್ನು ತ್ಯಜಿಸಬೇಕೇ? ಖಂಡಿತ ಅಲ್ಲ. ಧ್ವನಿವರ್ಧಕ ಬಂದಾಗ ಅದು ಮಸೀದಿಯಲ್ಲಿ ಸಲ್ಲುತ್ತದೆಯೇ ಎಂದು ಚರ್ಚಿಸುತ್ತಾ ಕುಳಿತ ಸಮುದಾಯ ನಮ್ಮದು. ಹೊಸದನ್ನು ಕಂಡು ಬೆನ್ನು ತಿರುಗಿಸಿದವರು ಹಿಂದೆ ಉಳಿದದ್ದನ್ನೂ ನಾವು ಕಂಡಿದ್ದೇವೆ. ಇಂಗ್ಲಿಷ್ ಬಾರದ ವರ್ತಕನು ದೂರದ ಗಿರಾಕಿಗೆ ಪತ್ರ ಬರೆಯಲು, ಲೆಕ್ಕವನ್ನು ಅರ್ಥಮಾಡಿಕೊಳ್ಳಲು ಈ ಸಾಧನ ನೆರವಾಗುವುದಾದರೆ ಅದು ಒಳ್ಳೆಯದೇ. ಬಳಸುವವನು ಒಡೆಯನಾಗಿಯೇ ಉಳಿಯಬೇಕು ಎಂಬುದಷ್ಟೇ ನಮ್ಮ ಮಾತು.

ಅದಕ್ಕಾಗಿ ಪ್ರತಿಯೊಂದು ಅಂಗಡಿಯಲ್ಲಿ ಕೆಲವು ಕಟ್ಟುಪಾಡುಗಳಿರಲಿ. ಗಿರಾಕಿಯ ಹೆಸರು, ದಾಖಲೆ, ಭಾವಚಿತ್ರಗಳನ್ನು ಯಂತ್ರಕ್ಕೆ ಕೊಡುವುದು ಬೇಡ. ಯಂತ್ರ ಬರೆದದ್ದನ್ನು ಒಬ್ಬ ಮನುಷ್ಯ ಪೂರ್ತಿ ಓದಿದ ಬಳಿಕವೇ ಹೊರಗೆ ಹೋಗಲಿ. ತೆರಿಗೆ, ಕರಾರು, ಕೋರ್ಟು, ಔಷಧ ಇವುಗಳ ವಿಷಯದಲ್ಲಿ ಲೆಕ್ಕಪರಿಶೋಧಕ, ವಕೀಲ, ವೈದ್ಯರನ್ನು ಕೇಳದೆ ಹೆಜ್ಜೆಯಿಡಬಾರದು. ಯಂತ್ರ ರಚಿಸಿದ ಚಿತ್ರವಾದರೆ ಹಾಗೆಂದು ಬರೆಯಲಿ. ಹಣ ಕಳಿಸಿರೆಂದು ಯಾವ ಮುಖ, ಯಾವ ಧ್ವನಿ ಕೇಳಿದರೂ ಮೊದಲಿನಿಂದ ನಮ್ಮಲ್ಲಿರುವ ಸಂಖ್ಯೆಗೆ ತಿರುಗಿ ಕರೆ ಮಾಡಿ ಖಚಿತಪಡಿಸಿಕೊಳ್ಳಲಿ. ಮೋಸಹೋದದ್ದು ತಿಳಿದ ಕೂಡಲೇ ನಾಚಿಕೆಯಿಂದ ಮುಚ್ಚಿಡದೆ 1930 ಸಂಖ್ಯೆಗೆ ದೂರು ನೀಡಲಿ. ಅಮೃತೂರು, ಕುಣಿಗಲ್, ಗುಬ್ಬಿ, ತುಮಕೂರುಗಳ ಮಸೀದಿ ಕಮಿಟಿಗಳು ತಿಂಗಳಿಗೊಂದು ಸಂಜೆಯನ್ನು ಈ ತಿಳಿವಳಿಕೆಗಾಗಿ ಮೀಸಲಿಡಲಿ. ಊರಿನ ವಕೀಲರನ್ನೂ ಕಂಪ್ಯೂಟರ್ ಕಲಿತ ಯುವಕ-ಯುವತಿಯರನ್ನೂ ಕರೆಸಲಿ, ಎಲ್ಲ ಧರ್ಮಗಳ ವರ್ತಕರನ್ನು ಆಹ್ವಾನಿಸಲಿ. ಈ ನೀರು ನುಗ್ಗಿದರೆ ಯಾರ ಜಾತಿಯನ್ನೂ ಕೇಳುವುದಿಲ್ಲ.

ಮಾರ್ಕೋನಹಳ್ಳಿಯ ಸೈಫನ್ ನಾಳೆಯೂ ನೀರು ತುಂಬಿದಾಗ ತಾನಾಗಿ ತೆರೆದುಕೊಳ್ಳುತ್ತದೆ. ಅದನ್ನು ದೂರಿ ಫಲವಿಲ್ಲ. ಎಚ್ಚರಿಕೆಯ ಫಲಕ ಹಾಕುವವನು, ಕಾವಲು ನಿಲ್ಲುವವನು, ಮಕ್ಕಳ ಕೈಹಿಡಿದು ದಡಕ್ಕೆಳೆಯುವವನು ಮನುಷ್ಯನೇ ಆಗಬೇಕು. ಅಂಗಡಿಯ ತಕ್ಕಡಿಯೂ ಹಾಗೆಯೇ. ಅದು ಬೆರಳಿನ ಭಾರವನ್ನೂ ಧಾನ್ಯದ ಭಾರವನ್ನೂ ಬೇರ್ಪಡಿಸಿ ಹೇಳಲಾರದು. ನಾಳೆ ಲೆಕ್ಕ ಕೇಳುವವನು ತಕ್ಕಡಿಯನ್ನು ಕರೆಯುವುದಿಲ್ಲ, ತೂಗಿದವನನ್ನು ಕರೆಯುತ್ತಾನೆ. ಆ ಕರೆಗೆ ಉತ್ತರಿಸಲು ನಾವು ಸಿದ್ಧರಿದ್ದೇವೆಯೇ?